ಮದುವೆಗೆ ಸೌಂಡ್ ಬಂತು

ಕ್ಯಾಮ್‌ಕಾರ್ಡರ್‌ನ ಮೆಮೊರಿ ಕಾರ್ಡಿನಲ್ಲಿ ಮದುವೆ ಎಲ್ಲಿದೆ ಅಂತ ಹುಡುಕಲು ನಾಲ್ಕು ಬಾಗಿಲು ದಾಟಬೇಕು. ಮೊದಲು ಪ್ರೈವೇಟ್ ಅನ್ನುವ ಫೋಲ್ಡರ್. ಅದರೊಳಗೆ ಎವಿಸಿಎಚ್‌ಡಿ. ಅದರೊಳಗೆ ಬಿಡಿಎಂವಿ. ಅದರೊಳಗೆ ಸ್ಟ್ರೀಮ್. ಅಷ್ಟು ಒಳಗೆ ಹೋದರೆ 00000.ಎಂಟಿಎಸ್, 00001.ಎಂಟಿಎಸ್ ಅಂತ ಫೈಲುಗಳು ಸಾಲಾಗಿ ಕೂತಿರುತ್ತವೆ. ವರಪೂಜೆ ಯಾವುದು, ಧಾರೆ ಯಾವುದು, ಊಟದ ಪಂಕ್ತಿ ಯಾವುದು, ಒಂದೂ ತಿಳಿಯುವುದಿಲ್ಲ.

ಇದು 2010ರಲ್ಲಿ ತಿಪಟೂರಿನ ಛತ್ರವೊಂದರಲ್ಲಿ ನಡೆದ ನಮ್ಮ ದೊಡ್ಡಪ್ಪನ ಮಗಳ ಮದುವೆ. ಛತ್ರಕ್ಕೆ ಸ್ಟುಡಿಯೋದವರೂ ಬಂದಿದ್ದರು. ಅವರ ಡಿವಿಡಿಯಲ್ಲಿ ಮದುಮಕ್ಕಳು ಗುಲಾಬಿ ಹೂವಿನೊಳಗಿಂದ ಎದ್ದು ಬರುತ್ತಾರೆ, ತಾಜ್‌ಮಹಲಿನ ಮುಂದೆ ಗಿರಗಿರ ತಿರುಗಿ ಮಾಯವಾಗುತ್ತಾರೆ. ಮದುವೆ ಮಾತ್ರ ಅಲ್ಲಲ್ಲಿ ಕಾಣುತ್ತದೆ. ನಿಜವಾದ ಮದುವೆ ಇದ್ದದ್ದು ಭಾವ ಅಮೆರಿಕದಿಂದ ತಂದಿದ್ದ ಹೊಸ ಕ್ಯಾಮ್‌ಕಾರ್ಡರ್‌ನಲ್ಲಿ. ಭಾವ ಬಡಿಸುವ ಕೆಲಸಕ್ಕೆ ಸಿಕ್ಕಿಬಿದ್ದರು, ಕ್ಯಾಮೆರಾ ಚಿಕ್ಕಪ್ಪನ ಕೈ ಸೇರಿತು. ಬೆಳಗ್ಗೆ ಕೈ ಸೇರಿದ್ದು ಸಂಜೆ ಬ್ಯಾಟರಿ ಸಾಯುವವರೆಗೂ ಕೆಳಗೆ ಇಳಿಯಲಿಲ್ಲ.

ಆಮೇಲೆ ಆ ಫೈಲುಗಳು ವರ್ಷಗಟ್ಟಲೆ ದೊಡ್ಡಮ್ಮನ ಬೀರುವಿನಲ್ಲಿ, ಒಡವೆ ಡಬ್ಬಿಯ ಪಕ್ಕದಲ್ಲಿ ಇದ್ದವು. ಯಾರೋ ಕೆಲವನ್ನು ಫೋನಿಗೆ ಹಾಕಿಕೊಂಡರು. ಚಿತ್ರ ಬಂತು, ಸೌಂಡ್ ಬರಲಿಲ್ಲ. ಟಿವಿಗೆ ಚುಚ್ಚಿದರು. ಈ ಫೈಲ್ ನನಗೆ ಬರುವುದಿಲ್ಲ ಅಂತ ಟಿವಿ ಕೈ ತೊಳೆದುಕೊಂಡಿತು. "ಮೈಕ್ ಕೆಟ್ಟಿತ್ತು ಅನ್ಸುತ್ತೆ" ಅಂತ ಮೊದಲು ಹೇಳಿದವರು ಚಿಕ್ಕಪ್ಪನೇ. ಎಲ್ಲರೂ ಒಪ್ಪಿದರು. ಈ ವಿವರ ನೆನಪಿರಲಿ.

ಹೋದ ಗೌರಿ ಹಬ್ಬಕ್ಕೆ ಬೀಗರು ಬರುವವರಿದ್ದರು. ದೊಡ್ಡಮ್ಮ ಫೋನ್ ಮಾಡಿದರು. "ನೀನು ಕಂಪ್ಯೂಟರ್ ಓದ್ದೋನು ಅಲ್ವೇನೋ, ಎಲ್ಲಾ ಕಡೆ ಓಡೋ ಹಾಗೆ ಒಂಚೂರು ಮಾಡ್ಕೊಡು. ಐದು ನಿಮಿಷದ ಕೆಲಸ ಅಂತೆ." ಯಾರು ಹೇಳಿದ್ದು ಅಂತ ಕೇಳಿದರೆ ಹಾಲಿನವನ ಮಗನಂತೆ.

ಮೊದಲು ಸಿಕ್ಕಿದ್ದು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಅಂತ ಬೋರ್ಡ್ ಹಾಕಿಕೊಂಡಿದ್ದ ಒಂದು ಕನ್ವರ್ಟರ್. ಪುಕ್ಕಟೆಯಾಗಿಯೇ ಅರ್ಧ ಮದುವೆ ಮಾಡಿಕೊಟ್ಟಿತು. ಉಳಿದರ್ಧಕ್ಕೆ ಡಾಲರಿನಲ್ಲಿ ದುಡ್ಡು. ಮಾಡಿಕೊಟ್ಟ ಅರ್ಧದಲ್ಲೂ ಮದುಮಗನ ಮುಖದ ಮೇಲೆ ಟ್ರಯಲ್ ವರ್ಷನ್ ಅಂತ ದೊಡ್ಡದಾಗಿ ಬರೆದಿತ್ತು. ಈ ಅಳಿಯನನ್ನು ಬೀಗರಿಗೆ ತೋರಿಸುವುದು ಹೇಗೆ?

ಆಮೇಲೆ ಹ್ಯಾಂಡ್‌ಬ್ರೇಕ್ ಹಾಕಿದೆ. ಇದು ನಿಜವಾಗಿಯೂ ಪುಕ್ಕಟೆ, ಒಳ್ಳೆಯ ತಂತ್ರಾಂಶ. ಇದರ ಚಿಹ್ನೆ ಒಂದು ಅನಾನಸ್ ಹಣ್ಣು, ಪಕ್ಕದಲ್ಲಿ ಪಾನೀಯದ ಗ್ಲಾಸು. ಅಮ್ಮ ಲ್ಯಾಪ್‌ಟಾಪ್ ಇಣುಕಿ ನೋಡಿ, "ಮದುವೆ ಕೆಲಸ ಅಂತ ಹೇಳಿ ಇದೇನೋ ಕುಡಿಯೋದು?" ಅಂದರು. ವಿವರಿಸಲು ಹೋಗಲಿಲ್ಲ.

ಸಮಸ್ಯೆ ಏನಪ್ಪಾ ಅಂದರೆ, ವಿಡಿಯೋ ಫೈಲಿನಲ್ಲಿ ಮೂರು ಬೇರೆ ಬೇರೆ ಸಂಗತಿಗಳಿರುತ್ತವೆ. ಹೊರಗಿನ ಡಬ್ಬಿ, ಒಳಗಿನ ಚಿತ್ರ, ಒಳಗಿನ ಸೌಂಡ್. ಕ್ಯಾಮ್‌ಕಾರ್ಡರ್‌ಗಳಿಗಾಗಿ ಎವಿಸಿಎಚ್‌ಡಿ ಅನ್ನುವ ವಿಡಿಯೋ ಪದ್ಧತಿಯನ್ನು ಸೋನಿ ಮತ್ತು ಪ್ಯಾನಾಸೋನಿಕ್ ಸೇರಿ 2006ರಲ್ಲಿ ತಂದರು. ಅದರ ಚಿತ್ರ ಎಚ್.264 ಅನ್ನುವ ಬಗೆಯದು, ಇವತ್ತಿಗೂ ಎಲ್ಲ ಫೋನಿಗೂ ಅರ್ಥವಾಗುವಂಥದ್ದು. ಡಬ್ಬಿ ಮಾತ್ರ ಎಂಟಿಎಸ್. ಸೌಂಡು ಸಾಮಾನ್ಯವಾಗಿ ಎಸಿ-3, ಅಂದರೆ ಡಾಲ್ಬಿ ಡಿಜಿಟಲ್. ಎಷ್ಟೋ ಫೋನುಗಳಲ್ಲಿ ಇದನ್ನು ಬಿಡಿಸುವ ವ್ಯವಸ್ಥೆ ಇಲ್ಲ. ಹಾಗಾಗಿ ಚಿತ್ರ ಓಡುತ್ತದೆ, ಬಾಯಿ ಆಡುತ್ತದೆ, ಮಾತು ಬರುವುದಿಲ್ಲ. ಮೈಕ್ ಏನೂ ಕೆಟ್ಟಿರಲಿಲ್ಲ.

ಬರೀ ಡಬ್ಬಿ ಬದಲಿಸುವುದಾದರೆ ಹಾಲಿನವನ ಮಗ ಹೇಳಿದ್ದು ಸರಿ. 2000ದಲ್ಲಿ ಫ್ಯಾಬ್ರಿಸ್ ಬೆಲ್ಲಾರ್ ಶುರು ಮಾಡಿದ ಎಫ್‌ಎಫ್‌ಎಂಪೆಗ್ ಅನ್ನುವ ತಂತ್ರಾಂಶಕ್ಕೆ ಒಂದು ಸಾಲು ಆಜ್ಞೆ ಕೊಟ್ಟರೆ, ಚಿತ್ರವನ್ನು ಮುಟ್ಟದೆ ಹಾಗೇ ಎತ್ತಿ ಎಂಪಿ4 ಡಬ್ಬಿಗೆ ಇಡುತ್ತದೆ. ಸೌಂಡನ್ನು ಫೋನುಗಳಿಗೆ ಅರ್ಥವಾಗುವ ಎಎಸಿ ಅನ್ನುವ ಬಗೆಗೆ ಬದಲಿಸುತ್ತದೆ. ಕಾಫಿ ಆರುವುದರೊಳಗೆ ಕೆಲಸ ಮುಗಿಯುತ್ತದೆ.

ಆದರೆ ಈ ಮದುವೆಯ ಜಾತಕದಲ್ಲಿ ಬೇರೆ ದೋಷಗಳಿದ್ದವು.

ಮೊದಲನೆಯದು ತಾಳಿ. ಈ ಮೆಮೊರಿ ಕಾರ್ಡು ಫೈಲುಗಳನ್ನು ಜೋಡಿಸಿಡುವುದು ಎಫ್‌ಎಟಿ32 ಅನ್ನುವ ಪದ್ಧತಿಯಲ್ಲಿ. ಅದರಲ್ಲಿ ಒಂದು ಫೈಲು 4 ಜಿಬಿ ದಾಟುವಂತಿಲ್ಲ. ಕ್ಯಾಮೆರಾ ಸೆಕೆಂಡಿಗೆ 17 ಮೆಗಾಬಿಟ್ ತುಂಬುತ್ತಿದ್ದರೆ ಸುಮಾರು ಅರ್ಧ ಗಂಟೆಗೆ ಆ ಗಡಿ ಬಂದುಬಿಡುತ್ತದೆ. ಆಗ ಹೇಳದೆ ಕೇಳದೆ ಹೊಸ ಫೈಲು ಶುರು. ನಮ್ಮಲ್ಲಿ ಆ ಗಡಿ ಬಂದದ್ದು ಸರಿಯಾಗಿ ಮುಹೂರ್ತಕ್ಕೆ. ತಾಳಿಯ ಮೊದಲ ಗಂಟು ಒಂದು ಫೈಲಿನಲ್ಲಿ, ಉಳಿದೆರಡು ಇನ್ನೊಂದರಲ್ಲಿ. ಬೇರೆ ಬೇರೆಯಾಗಿ ಎಂಪಿ4 ಮಾಡಿ ಜೋಡಿಸಿದರೆ ನಡುವೆ ಗಟ್ಟಿಮೇಳ ಒಮ್ಮೆ ಬಿಕ್ಕಳಿಸಿ, ವಾಲಗದವರು ಉಸಿರು ಕಟ್ಟಿದವರಂತೆ ನಿಂತು ಮುಂದುವರಿಯುತ್ತಾರೆ. ಇದಕ್ಕೆ ಮದ್ದು ಸುಲಭ: ಎಂಟಿಎಸ್ ಫೈಲುಗಳನ್ನು ಮೊದಲು ಹಾಗೇ ಒಂದರ ಬಾಲಕ್ಕೆ ಒಂದನ್ನು ಅಂಟಿಸಬೇಕು. ಆಮೇಲೆ ಪರಿವರ್ತನೆ.

ಎರಡನೆಯದು ಟ್ಯೂಬ್‌ಲೈಟು. ಅಮೆರಿಕದ ಕ್ಯಾಮೆರಾ ಅಲ್ಲಿನ 60 ಹರ್ಟ್ಸ್ ಕರೆಂಟಿನ ಲೆಕ್ಕದಲ್ಲಿ ಸೆಕೆಂಡಿಗೆ 60 ಸಲ ಕಣ್ಣು ಬಿಡುತ್ತದೆ. ತಿಪಟೂರಿನದ್ದು 50 ಹರ್ಟ್ಸ್. ಛತ್ರದ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ. ನಮ್ಮ ಕಣ್ಣಿಗೆ ಗೊತ್ತಾಗುವುದಿಲ್ಲ, ಕ್ಯಾಮೆರಾಕ್ಕೆ ಲೆಕ್ಕ ತಪ್ಪುತ್ತದೆ. ಹಾಗಾಗಿ ಇಡೀ ಧಾರಾ ಮಂಟಪ ಡಿಸ್ಕೋ ಬೆಳಕಿನಲ್ಲಿ ಪಟಪಟ ಅನ್ನುತ್ತಿತ್ತು. ಕನ್ಯಾದಾನಕ್ಕೆ ಕೂತ ದೊಡ್ಡಪ್ಪ ಒಮ್ಮೆ ಇದ್ದಾರೆ, ಒಮ್ಮೆ ಇಲ್ಲ. ಇದನ್ನು ನಾನು ಹಾಗೇ ಬಿಟ್ಟೆ. ಕೆಲವು ಸಂಗತಿಗಳಿಗೆ ಕೆಇಬಿಯೇ ಹೊಣೆ ಅಂತ ಹೇಳಿದರೆ ನಮ್ಮಲ್ಲಿ ಯಾರೂ ಮರುಪ್ರಶ್ನೆ ಕೇಳುವುದಿಲ್ಲ.

ಮೂರನೆಯದು ಬಾಚಣಿಗೆ. ಆ ಕಾಲದ ಎಷ್ಟೋ ಕ್ಯಾಮ್‌ಕಾರ್ಡರ್‌ಗಳು ಪೂರ್ತಿ ಚಿತ್ರವನ್ನು ಒಟ್ಟಿಗೆ ತೆಗೆಯುತ್ತಿರಲಿಲ್ಲ. ಒಮ್ಮೆ ಬೆಸ ಗೆರೆಗಳು, ಮರುಕ್ಷಣ ಸಮ ಗೆರೆಗಳು. ಹಳೆಯ ಟಿವಿಗೆ ಅದು ಸರಿ. ಕಂಪ್ಯೂಟರ್ ಎರಡನ್ನೂ ಸೇರಿಸಿ ತೋರಿಸಿದರೆ, ಅಲುಗಾಡುವ ಪ್ರತಿಯೊಂದರ ಅಂಚಿನಲ್ಲೂ ಬಾಚಣಿಗೆಯ ಹಲ್ಲು ಮೂಡುತ್ತದೆ. ಅಕ್ಷತೆ ಎರಚುವ ಕೈಗಳೆಲ್ಲ ಹಾಗೇ ಕಂಡವು. ಡಿಇಂಟರ್‌ಲೇಸ್ ಅಂತ ಒಂದು ಆಯ್ಕೆ ಹಾಕಿದರೆ ಸರಿಹೋಗುತ್ತದೆ. ಆದರೆ ಅದಕ್ಕೆ ಚಿತ್ರವನ್ನೇ ಹೊಸದಾಗಿ ಬರೆಯಬೇಕು. ಐದು ನಿಮಿಷದ ಕೆಲಸ ಅಲ್ಲಿಗೆ ಇಡೀ ರಾತ್ರಿಯದಾಯಿತು. ಲ್ಯಾಪ್‌ಟಾಪ್ ಫ್ಯಾನು ಮಲಗಲು ಬಿಡಲಿಲ್ಲ. ಅಂದ ಹಾಗೆ, ಹೀಗೆ ಹೊಸದಾಗಿ ಬರೆದಾಗ ಚಿತ್ರದ ಗುಣಮಟ್ಟ ಒಂಚೂರಾದರೂ ಇಳಿಯುತ್ತದೆ. ಮೂಲ ಎಂಟಿಎಸ್ ಅಳಿಸುವವರನ್ನು ಕಂಡರೆ ನನಗೆ ಆಗುವುದಿಲ್ಲ.

ಬೆಳಗ್ಗೆ ಅಲ್ಲಲ್ಲಿ ತೆರೆದು ನೋಡಿದೆ. ಗಟ್ಟಿಮೇಳ ಖಣಖಣ ಕೇಳಿಸಿತು. ಇಡೀ ಮದುವೆ ಕೂತು ಕೇಳುವ ತಾಳ್ಮೆ ಮದುಮಕ್ಕಳಿಗೇ ಇರುವುದಿಲ್ಲ, ನನಗೆಲ್ಲಿಂದ ಬರಬೇಕು?

ಹಬ್ಬದ ದಿನ ಊಟ ಮುಗಿಸಿ ಎಲ್ಲರೂ ಟಿವಿ ಮುಂದೆ ಕೂತರು. ಬೀಗರು, ಬೀಗಿತ್ತಿ, ಬೀಗರ ಅಣ್ಣ ಸೋಫಾದಲ್ಲಿ. ಪೆನ್‌ಡ್ರೈವ್ ಚುಚ್ಚಿದೆ. ಟಿವಿ ಈ ಸಲ ಕೊಸರಾಡಲಿಲ್ಲ. ವಾಲಗ ಮೊಳಗಿತು. ಮದುವೆಗೆ ಸೌಂಡ್ ಬಂತು ಅಂತ ಮಕ್ಕಳು ಚಪ್ಪಾಳೆ ತಟ್ಟಿದರು. ವಾಲಗ ನಿಂತಿತು. ಆಗ ಚಿಕ್ಕಪ್ಪನ ದನಿ ಶುರುವಾಯಿತು.

ಕ್ಯಾಮ್‌ಕಾರ್ಡರ್‌ನ ಮೈಕ್ ಹತ್ತಿರದ ಮಾತನ್ನೇ ಜೋರಾಗಿ ಹಿಡಿಯುತ್ತದೆ. ಕ್ಯಾಮೆರಾ ಹಿಡಿದವರಿಗಿಂತ ಹತ್ತಿರ ಇನ್ಯಾರಿರುತ್ತಾರೆ? ಜೊತೆಗೆ ಆ ಕ್ಯಾಮೆರಾ 5.1 ಸೌಂಡಿನದ್ದು, ಅಂದರೆ ಸುತ್ತಲಿನ ಸೌಂಡನ್ನು ದಿಕ್ಕಿಗೆ ತಕ್ಕಂತೆ ಬೇರೆ ಬೇರೆ ಚಾನೆಲ್ಲಿಗೆ ಹಾಕುವಂಥದ್ದು. ಹಿಂದೆ ನಿಂತವರ ಮಾತು ಹಿಂದಿನ ಚಾನೆಲ್ಲಿಗೇ ಹೋಗುತ್ತದೆ. ನಾನು ಎಲ್ಲ ಕಡೆ ಓಡಲಿ ಅಂತ ಅಷ್ಟನ್ನೂ ಸ್ಟೀರಿಯೋಗೆ ಇಳಿಸಿದ್ದೆ. ಹಿಂದಿದ್ದ ಚಿಕ್ಕಪ್ಪ ನೇರವಾಗಿ ಪುರೋಹಿತರ ಪಕ್ಕ ಬಂದು ಕೂತುಬಿಟ್ಟರು.

"ಫ್ಯಾನ್ ಆ ಕಡೆ ತಿರುಗ್ಸ್ರೋ, ಹುಡುಗ ಬೆವರೋದು ನೋಡಿದ್ರೆ ಬಾಸಿಂಗ ಕಳಚಿ ಬೀಳುತ್ತೆ."

ಅಳಿಯಂದಿರು ನಕ್ಕರು. ಸದ್ಯ.

"ಅತ್ತಿಗೆ ಉಟ್ಟಿರೋ ಸೀರೆ ನಾವು ಕೊಟ್ಟಿದ್ದಲ್ವಾ? ನಮಗೇ ವಾಪಸ್ ಕೊಡೋ ಮುಂಚೆ ಒಂದ್ಸಲ ಉಟ್ಟು ನೋಡ್ತಾ ಇದ್ದಾರೆ."

ದೊಡ್ಡಮ್ಮ ಚಿಕ್ಕಪ್ಪನ ಕಡೆ ತಿರುಗಿದರು. ಚಿಕ್ಕಪ್ಪ ಟೀಪಾಯಿಯ ಮೇಲಿದ್ದ ಹಳೇ ಪೇಪರ್ ಎತ್ತಿಕೊಂಡರು.

"ಆ ಶಲ್ಯದೋರು ಯಾರು ಗೊತ್ತಾ? ಬೀಗರ ಅಣ್ಣ. ನೂರಾ ಒಂದು ರೂಪಾಯಿ ಮುಯ್ಯಿ, ಎರಡು ತೆಂಗಿನಕಾಯಿ ಆಗ್ಲೇ ಚೀಲಕ್ಕೆ ಹೋಯ್ತು. ಮೂರನೇದಕ್ಕೆ ಹೆಂಡ್ತೀನ ಕಳಿಸ್ತಾ ಇದ್ದಾರೆ. ತಿಪಟೂರಿಗೆ ಮದುವೆಗೆ ಬಂದ್ರೋ, ಕಾಯಿ ವ್ಯಾಪಾರಕ್ಕೆ ಬಂದ್ರೋ!"

ರಿಮೋಟ್ ಯಾರ ಕೈಯಲ್ಲಿದೆ ಅಂತ ಹುಡುಕಿದರೆ ಬೀಗರ ಅಣ್ಣನ ಕೈಯಲ್ಲೇ ಇತ್ತು. ಅವರು ಅದನ್ನು ನನಗೆ ಕೊಟ್ಟು, "ಸ್ವಲ್ಪ ಹಿಂದಕ್ಕೆ ಹಾಕಪ್ಪಾ, ಸರಿಯಾಗಿ ಕೇಳಿಸ್ಲಿಲ್ಲ" ಅಂದರು. ಎಂಟಿಎಸ್ ಆಗಿದ್ದರೆ ಹಿಂದಕ್ಕೆ ಹಾಕಿದರೂ ಎಲ್ಲೆಲ್ಲೋ ತಡವರಿಸುವ ಸಾಧ್ಯತೆ ಇತ್ತು. ಎಂಪಿ4ನಲ್ಲಿ ಯಾವ ದೃಶ್ಯ ಎಲ್ಲಿದೆ ಅನ್ನುವ ಪಟ್ಟಿ ಫೈಲಿನಲ್ಲೇ ಇರುತ್ತದೆ. ಹಾಗಾಗಿ ಸರಿಯಾಗಿ ಶಲ್ಯದ ಹತ್ತಿರವೇ ಹೋಗಿ ನಿಂತಿತು.

ಎರಡನೇ ಸಲ ಪೂರ್ತಿ ಕೇಳಿ ಅವರು ಹೇಳಿದ್ದು ಇಷ್ಟೇ. "ಮೂರಲ್ಲ ಬೀಗ್ರೇ, ನಾಲ್ಕು ತಗೊಂಡಿದ್ದೆ. ಕಾಯಿ ಚೆನ್ನಾಗಿತ್ತು." ಮನೆ ತುಂಬಾ ನಗು. ಆ ನಗುವಿನಲ್ಲಿ ಚಿಕ್ಕಪ್ಪ ಕಾಫಿ ನೋಡಿಕೊಂಡು ಬರುತ್ತೇನೆ ಅಂತ ಒಳಗೆ ಹೋದವರು ಹಿತ್ತಿಲ ಬಾಗಿಲಿನಿಂದ ಎಲ್ಲಿಗೋ ಹೋಗಿದ್ದರು.

ರಾತ್ರಿ ಫೋನ್ ಮಾಡಿದರು. "ಹಳೇ ಫಾರ್ಮ್ಯಾಟೇ ಚೆನ್ನಾಗಿತ್ತು ಕಣೋ. ವಾಪಸ್ ಅದಕ್ಕೇ ಮಾಡೋಕಾಗಲ್ವಾ?" ಅವರ ಸಮಾಧಾನಕ್ಕೆ ಸೌಂಡ್ ತೆಗೆದು, ಬರೀ ನಾಗಸ್ವರ ಹಾಕಿದ ಇನ್ನೊಂದು ಪ್ರತಿ ಮಾಡಿ ಎಲ್ಲರಿಗೂ ಕಳಿಸಿದೆ. ಅದನ್ನು ಯಾರೂ ತೆರೆದಂತೆ ಕಾಣಲಿಲ್ಲ. ಮರುದಿನ ಸೋದರತ್ತೆಯ ಫೋನು ಬಂತು. ಅವರಿಗೆ ಚಿತ್ರವೇ ಬೇಡವಂತೆ.

"ನಮ್ಮ ತಮ್ಮನ ಮಾತಿರೋದನ್ನ ಮಾತ್ರ ಎಂಪಿ3 ಮಾಡ್ಕೊಡೋ. ಅಡುಗೆ ಮಾಡ್ತಾ ಕೇಳ್ತೀನಿ."