ಟೆನ್ಷನ್ ಕೊಡೋದೂ ಅವರೇ, ಕೂಪನ್ ಕೊಡೋದೂ ಅವರೇ

2024ರ ಡಿಸೆಂಬರಿನಲ್ಲಿ ಮನೆಗೇ ಬಂದು ಬ್ಯೂಟಿ ಪಾರ್ಲರ್ ಸೇವೆ ಕೊಡುವ ನೋಯ್ಡಾದ ಯೆಸ್‌ಮೇಡಂ ಕಂಪನಿ ಮಾಡಿದ ಸರ್ಕಸ್ ಮರೆತಿಲ್ಲ ತಾನೇ? ಕೆಲಸದಲ್ಲಿ ಟೆನ್ಷನ್ ಇದೆಯಾ ಅಂತ ನೌಕರರನ್ನು ಕೇಳಿ, ಇದೆ ಅಂದವರಿಗೆ ಟಾಟಾ ಹೇಳುವ ಮೇಲ್ ಹೊರಟಿತು. ಊರೆಲ್ಲ ಉಗಿದ ಮೇಲೆ, ಯಾರನ್ನೂ ತೆಗೆದಿಲ್ಲ, ಒತ್ತಡದ ಬಗ್ಗೆ ಜನ ಮಾತಾಡಲಿ ಅಂತ ಹಾಗೆ ಮಾಡಿದೆವು ಅಂದರು. ನನಗಂತೂ ಆ ಐಡಿಯಾ ಮೇಲೆ ಬಹಳ ಗೌರವ. ರೋಗಿಯನ್ನೇ ಗೇಟಿನಾಚೆ ಬಿಟ್ಟರೆ ರೋಗ ಎಲ್ಲಿಂದ ಬರಬೇಕು?

ಬೆಂಗಳೂರಿನ ಆಫೀಸುಗಳಿಗೆ ಅಷ್ಟು ಧೈರ್ಯ ಇಲ್ಲ. ಅವು ಆನ್‌ಲೈನ್ ಥೆರಪಿಯ ಕೂಪನ್ ಕೊಡುತ್ತವೆ. ಶುಕ್ರವಾರ ರಾತ್ರಿ ಎಚ್‌ಆರ್ ಮೇಲ್: ನಿಮ್ಮ ಮನಸ್ಸಿನ ನೆಮ್ಮದಿಯೇ ನಮಗೆ ಮುಖ್ಯ. ಅದರ ಕೆಳಗೇ ಮ್ಯಾನೇಜರ್ ಮೇಲ್: ಸೋಮವಾರ ಬೆಳಗ್ಗೆಯೊಳಗೆ ಬೇಕು.

ಆ್ಯಪ್ ತೆರೆದರೆ ಮೊದಲು ಪರೀಕ್ಷೆ. ಸಾಮಾನ್ಯವಾಗಿ ಆತಂಕ ಎಷ್ಟಿದೆ ಅಂತ ಅಳೆಯುವ ಜಿಎಡಿ-7 ಅನ್ನೋದು. ಏಳು ಪ್ರಶ್ನೆ, ಒಂದೊಂದಕ್ಕೆ ಮೂರು ಮಾರ್ಕ್ಸ್, ಒಟ್ಟು 21. ಮಾರ್ಕ್ಸ್ ಜಾಸ್ತಿ ಆದಷ್ಟೂ ಆತಂಕ ಜಾಸ್ತಿ. ಕಳೆದ ಎರಡು ವಾರದಲ್ಲಿ ಏನೋ ಕೆಟ್ಟದಾಗುತ್ತೆ ಅಂತ ಭಯ ಆಗಿತ್ತಾ? ಸುಮ್ಮನೆ ಕೂರೋಕೆ ಆಗ್ತಿರಲಿಲ್ವಾ? ಬೇಗ ಸಿಟ್ಟು ಬರ್ತಿತ್ತಾ? ಡಾಕ್ಟರ ಕೈಯಲ್ಲಿ ಒಳ್ಳೆ ಸಾಧನವೇ, ಅದರ ತಪ್ಪೇನಿಲ್ಲ. ಆದರೆ ನಮ್ಮ ಕಡೆ ಮಗ ರಾತ್ರಿ ಎಂಟಾದರೂ ಫೋನ್ ಎತ್ತದಿದ್ದರೆ ಅಮ್ಮಂದಿರಿಗೆ 21ಕ್ಕೆ 21 ಗ್ಯಾರಂಟಿ. ಈ ದೇಶದಲ್ಲಿ ಮಾರ್ಕ್ಸ್ ಬಂದ ಮೇಲೆ ಪಕ್ಕದ ಮನೆಯವರಿಗೆ ಎಷ್ಟು ಬಂತು ಅಂತ ಕೇಳದೆ ಇರೋಕಾಗುತ್ತಾ? 18 ಬಂದ ಹುಡುಗನಿಗೆ ಚಿಕ್ಕಪ್ಪ ಹೇಳೋದು, "ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲಪ್ಪ." ಹೌದು ಚಿಕ್ಕಪ್ಪ, ನಿಮ್ಮ ಕಾಲದಲ್ಲಿ ಬಿಪಿ ಇತ್ತು, ಬೀಡಿ ಇತ್ತು.

ಮುಂದಿನ ಕಷ್ಟ ಜಾಗದ್ದು. ಆ್ಯಪ್ ಹೇಳುತ್ತೆ, ಯಾರೂ ಇಲ್ಲದ ಶಾಂತವಾದ ಕೋಣೆಯಲ್ಲಿ ಕೂರಿ. ಎರಡು ಬೆಡ್‌ರೂಮಿನ ಮನೆಯಲ್ಲಿ ಆರು ಜನ ಇರೋದರಿಂದಲೇ ಅಲ್ವಾ ಜಗಳ? ಕೋಣೆ ಖಾಲಿ ಇದ್ದಿದ್ದರೆ ಥೆರಪಿ ಯಾಕೆ ಬೇಕಿತ್ತು? ಹಾಗಾಗಿ ಗಂಡ ಬೇಸ್‌ಮೆಂಟಿನ ಕಾರಿನಲ್ಲಿ ಕೂತು ಮಾತಾಡುತ್ತಾನೆ. ಅಲ್ಲಿ ನೆಟ್‌ವರ್ಕ್ ಇಲ್ಲ. ಬಾಲ್ಯದ ನೋವು ಹೇಳುವ ಹೊತ್ತಿಗೆ ಸ್ಕ್ರೀನ್ ನಿಂತುಹೋಗುತ್ತೆ, ವಾಚ್‌ಮನ್ ಬಂದು ಗಾಜು ತಟ್ಟಿ "ಸಾರ್, ಮನೇಲಿ ಎಲ್ಲಾ ಸರಿ ಇದೆಯಾ?" ಅಂತಾನೆ. ಹೆಂಡತಿ ಟೆರೇಸಿಗೆ ಹೋದರೆ ಅಲ್ಲಿ ಅತ್ತೆ ಸಂಡಿಗೆ ಒಣಗಿಸುತ್ತಿದ್ದಾರೆ. ಕೌನ್ಸೆಲರ್ ಕೇಳುತ್ತಾರೆ, ಅತ್ತೆಯವರ ಜೊತೆ ಈಗ ಹೇಗಿದೆ? ಇವಳು ಒಂದು ಸಂಡಿಗೆ ತಿರುಗಿಸಿ ಹಾಕುತ್ತಾ, "ತುಂಬಾ ಚೆನ್ನಾಗಿದೆ ಮೇಡಂ." ಆ ಕಡೆ ಸುಧಾರಣೆ ಕಾಣುತ್ತಿದೆ ಅಂತ ಬರೆದುಕೊಂಡಿರಬೇಕು.

ಕೇಳಿಸಿಕೊಳ್ಳುವವರು ಯಾರು ಅನ್ನೋದೂ ಮುಖ್ಯ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲು ಆರ್‌ಸಿಐ, ಅಂದರೆ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಬೇಕು. ವೆಲ್‌ನೆಸ್ ಕೋಚ್ ಆಗಲು ರಿಂಗ್ ಲೈಟ್ ಸಾಕು. ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇರುತ್ತೆ, ಕನ್ನಡದಲ್ಲಿ ಅಳೋಕೆ ಶುರು ಮಾಡಿದರೆ "ಸ್ವಲ್ಪ ಸ್ವಲ್ಪ ಬರುತ್ತೆ, ಇಂಗ್ಲಿಷ್ ಓಕೇನಾ?"

ಗುಟ್ಟಿನ ವಿಷಯವಂತೂ ಕೇಳಲೇಬೇಡಿ. ಅಮೆರಿಕದಲ್ಲಿ ಬೆಟರ್‌ಹೆಲ್ಪ್ ಅನ್ನುವ ದೊಡ್ಡ ಆ್ಯಪ್, ಮನಸ್ಸಿನ ಕಷ್ಟ ಹೇಳಿಕೊಂಡು ಬಂದವರ ವಿವರಗಳನ್ನು ಜಾಹೀರಾತಿಗಾಗಿ ಫೇಸ್‌ಬುಕ್, ಸ್ನ್ಯಾಪ್‌ಚಾಟ್‌ಗೆ ದಾಟಿಸಿತು ಅಂತ ಗ್ರಾಹಕರ ಹಿತ ಕಾಯುವ ಅಲ್ಲಿನ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಹಿಡಿಯಿತು. 2023ರಲ್ಲಿ 78 ಲಕ್ಷ ಡಾಲರ್ ಕೊಡಲು ಕಂಪನಿ ಒಪ್ಪಿತು. ತಪ್ಪು ಮಾತ್ರ ಒಪ್ಪಲಿಲ್ಲ. ನಮ್ಮ ವಠಾರದ ಅತ್ತೆಮ್ಮಂದಿರು ಈ ಕೆಲಸವನ್ನು ಬಿಟ್ಟಿ ಮಾಡಿಕೊಡುತ್ತಿದ್ದರು, ಪಾಪ.

ನಗುತ್ತಾ ಬರೆಯೋಣ ಅಂದುಕೊಂಡೆ, ಬೇಜಾರಾಗುತ್ತಿದೆ. ನಿಮ್ಹಾನ್ಸ್ 2015-16ರಲ್ಲಿ ಮಾಡಿದ ರಾಷ್ಟ್ರೀಯ ಸಮೀಕ್ಷೆ ಪ್ರಕಾರ ಬೇರೆ ಬೇರೆ ಮಾನಸಿಕ ಕಾಯಿಲೆಗಳಲ್ಲಿ ನೂರಕ್ಕೆ 70ರಿಂದ 92 ಜನಕ್ಕೆ ಚಿಕಿತ್ಸೆಯೇ ಸಿಗುತ್ತಿರಲಿಲ್ಲ. ಫೋನಿನಲ್ಲಿ ಸಿಗುವ ಸಹಾಯ ಅವರಿಗೆ ನಿಜಕ್ಕೂ ಬೇಕು. ನಾಲ್ಕು ಜನರ ಕೆಲಸ ಒಬ್ಬನ ತಲೆಗೆ ಕಟ್ಟಿ, ಅವನು ಕುಸಿದರೆ ಉಸಿರಾಟದ ವ್ಯಾಯಾಮ ಹೇಳಿಕೊಡೋದು ಸಹಾಯ ಅಲ್ಲ, ನಾಚಿಕೆಗೇಡು. ಅವನಿಗೆ ಬೇಕಿರೋದು ಇನ್ನೊಬ್ಬ ಸಹೋದ್ಯೋಗಿ, ಮತ್ತೆ ಭಾನುವಾರ.

ಅಂದ ಹಾಗೆ, 2022ರ ಅಕ್ಟೋಬರ್ 10ರಿಂದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ. 14416. ಹಗಲೂ ರಾತ್ರಿ, ಕನ್ನಡದಲ್ಲೂ, ಬಿಟ್ಟಿ. ಇದನ್ನು ನೋಡಿಕೊಳ್ಳುವ ಮುಖ್ಯ ಕೇಂದ್ರ ನಮ್ಮ ಹೊಸೂರು ರಸ್ತೆಯ ನಿಮ್ಹಾನ್ಸೇ. ಆ ನಂಬರನ್ನು ಆಫೀಸಿನ ಲಿಫ್ಟಿನಲ್ಲಿ ಅಂಟಿಸಿ ಅಂತ ಎಚ್‌ಆರ್‌ಗೆ ಹೇಳಿ ನೋಡಿ. ಬ್ರ್ಯಾಂಡಿಂಗ್ ಟೀಮಿನ ಅಪ್ರೂವಲ್ ಬೇಕು ಅಂತಾರೆ.