ಅಪ್‌ಡೇಟಿನ ಕಾಲ್ಗುಣ

ಮನೆಗೆ ಹೊಸಬರು ಬಂದ ವಾರದಲ್ಲಿ ಹಾಲು ಒಡೆಯಬಾರದು, ಬಲ್ಬ್ ಹೋಗಬಾರದು, ಆಕಳು ಒದೆಯಬಾರದು. ಒದ್ದರೆ ಅದು ಆಕಳ ತಪ್ಪಲ್ಲ, ಬಂದವರ ಕಾಲ್ಗುಣ. ಧಾರವಾಡದ ಮಾಳಮಡ್ಡಿಯ ನಮ್ಮ ಮನೆಗೆ ಈಚೆಗೆ ಹಾಗೆ ಬಂದದ್ದು ಕಂಪ್ಯೂಟರಿನ ಹೊಸ ಆಪರೇಟಿಂಗ್ ಸಿಸ್ಟಂ.

ಕರೆತಂದವನು ನಾನೇ. ಹಳೆಯದಕ್ಕೆ ಇನ್ನು ಭದ್ರತಾ ಪ್ಯಾಚ್, ಅಂದರೆ ಕಳ್ಳದಾರಿ ಮುಚ್ಚುವ ತೇಪೆ, ಬರುವುದಿಲ್ಲ ಎಂದು ಪರದೆಯ ಮೇಲೆ ದಿನಾ ಒಂದು ಚೀಟಿ ಏಳುತ್ತಿತ್ತು. ಹೊಸದಕ್ಕೆ ದುಡ್ಡು ಬೇಡ ಎಂದಿತ್ತು, ಅದು ಮುಖ್ಯ. ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಜಾಗ ಇರಬೇಕು ಎಂದಿತ್ತು. ರ‍್ಯಾಮ್ ಅಂದರೆ ಕೆಲಸ ನಡೆಯುವಾಗ ಬೇಕಾದ್ದನ್ನು ಹರಡಿಕೊಳ್ಳುವ ತಾತ್ಕಾಲಿಕ ನೆನಪು. ನಮ್ಮದರಲ್ಲಿ ರ‍್ಯಾಮ್ ಸರಿಯಾಗಿ 4 ಇತ್ತು. ಜಾತಕ ಕೂಡಿತು ಎಂದು ಒಪ್ಪಿಬಿಟ್ಟೆ. ಕನಿಷ್ಠ ಅಂದರೆ ಜೀವ ಹಿಡಿದುಕೊಂಡಿರಲು ಸಾಕಾಗುವಷ್ಟು ಎಂದು ಆಮೇಲೆ ತಿಳಿಯಿತು.

ಸ್ವಿಚ್ ಹಾಕಿ, ಚಹಾಕ್ಕೆ ನೀರಿಟ್ಟು, ಕುಡಿದು, ಕಪ್ ತೊಳೆದಿಟ್ಟು ಬಂದರೂ ಚಕ್ರ ತಿರುಗುತ್ತಲೇ ಇರುತ್ತಿತ್ತು. ಟೈಪ್ ಮಾಡಿದರೆ ಅಕ್ಷರ ಮೂಡುವ ಮೊದಲೇ ಒತ್ತು, ಕೊಂಬು ಎಲ್ಲ ಮರೆತುಹೋಗುತ್ತಿತ್ತು. ಹೇಗೋ ಒಂದು ಪುಟ ಮುಗಿಸಿದೆ ಅನ್ನುವಷ್ಟರಲ್ಲಿ ಪರದೆ ಪೂರ್ತಿ ನೀಲಿ. ಏನೋ ಒಂದು ಕೋಡ್, ಆಮೇಲೆ ತಾನೇ ಬಂದ್, ತಾನೇ ಚಾಲೂ. ಮತ್ತೆ ಚಹಾಕ್ಕೆ ನೀರು.

ಆ ದಿನಗಳಲ್ಲಿ ನನ್ನ ಬೆರಳುಗಳು ಹೆಚ್ಚು ಒತ್ತಿದ್ದು ಕಂಟ್ರೋಲ್, ಆಲ್ಟ್, ಡಿಲೀಟ್. ಇದಕ್ಕೂ ಒಂದು ಕತೆ ಇದೆ. ಐಬಿಎಂ ತನ್ನ ಪಿಸಿಯನ್ನು 1981ರಲ್ಲಿ ಹೊರತಂದಿತು. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಡೇವಿಡ್ ಬ್ರಾಡ್ಲಿ ಎಂಬ ಎಂಜಿನಿಯರ್, ಯಂತ್ರ ಬೇಗ ಮರುಚಾಲೂ ಆಗಲಿ ಎಂದು ಮೂರು ಕೀಲಿ ಒಟ್ಟಿಗೆ ಒತ್ತುವ ಉಪಾಯ ಮಾಡಿದರು. ಮೊದಲು ಡಿಲೀಟ್ ಜಾಗದಲ್ಲಿ ಎಸ್ಕೇಪ್ ಇತ್ತಂತೆ. ಎಡಗೈ ತಪ್ಪಿ ತಗುಲಿದರೂ ಕೆಲಸವೆಲ್ಲ ಹೋಗುತ್ತಿತ್ತು. ಅದಕ್ಕೇ ಒಂದು ಕೀಲಿಯನ್ನು ಅತ್ತ ಬಲಕ್ಕೆ ಒಯ್ದರು, ಎರಡೂ ಕೈ ಹಚ್ಚಲಿ ಎಂದು. ಒಂದು ಕೈಯಲ್ಲಿ ಚಹಾ ಹಿಡಿದವನಿಗೆ ಇದು ಆಗುವ ಕೆಲಸ ಅಲ್ಲ. ಈಗ ಒತ್ತಿದರೆ ಯಂತ್ರ ಮರುಚಾಲೂ ಆಗುವುದೂ ಇಲ್ಲ, ಒಂದು ಪಟ್ಟಿ ಬರುತ್ತದೆ. ಅದರಲ್ಲಿ, ಯಂತ್ರದ ಯಾವ ಭಾಗ ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ಟಾಸ್ಕ್ ಮ್ಯಾನೇಜರ್.

ತೆರೆದು ನೋಡಿದರೆ ಡಿಸ್ಕ್ ನೂರಕ್ಕೆ ನೂರು. ನಾನು ಏನೂ ಮಾಡುತ್ತಿಲ್ಲ, ಸುಮ್ನೆ ನೋಡುತ್ತ ಕೂತಿದ್ದೇನೆ, ಅದು ಮಾತ್ರ ದುಡಿಯುತ್ತಿದೆ. ಹೊಸ ಸಿಸ್ಟಂ ಬಂದ ಮೇಲೆ ಇರುವ ಕಡತಗಳನ್ನೆಲ್ಲ ಎಣಿಸಿ ಪಟ್ಟಿ ಮಾಡಿಕೊಳ್ಳುತ್ತದೆ, ಹುಡುಕಲು ಸುಲಭ ಆಗಲಿ ಎಂದು. ಬಂದ ಹೊಸದರಲ್ಲಿ ಡಬ್ಬಿ ಡಬ್ಬಿ ತೆಗೆದು ನೋಡಿದ ಹಾಗೆ. ಎರಡು ರಾತ್ರಿ ಚಾಲೂ ಬಿಟ್ಟು ಮಲಗಿದೆ. ತುಸು ತಣ್ಣಗಾಯಿತು. ತುಸು ಅಷ್ಟೆ.

"ಫಾರ್ಮ್ಯಾಟ್ ಹೊಡೀರಿ" ಎಂದರು ಪಕ್ಕದ ಮನೆಯವರು, ಅಂದರೆ ಡಿಸ್ಕ್ ಪೂರ್ತಿ ಅಳಿಸಿ ಹೊಸದಾಗಿ ಶುರು ಮಾಡಿ ಎಂದು. ಅವರು ಯಾವುದಕ್ಕೂ ಅದನ್ನೇ ಹೇಳುವವರು. ಇನ್ನೊಬ್ಬರು ಹಳೆಯದಕ್ಕೇ ಮರಳಿ ಎಂದರು. ಅದಕ್ಕೂ ದಾರಿ ಇತ್ತು. ಹಳೆಯ ಸಿಸ್ಟಂ ಒಂದು ಫೋಲ್ಡರಿನಲ್ಲಿ ಹಾಗೇ ಇರುತ್ತದೆ, 10 ದಿನದೊಳಗೆ ಮನಸ್ಸು ಬದಲಿಸಬಹುದು. ಆಮೇಲೆ ಅದನ್ನು ಅಳಿಸಿಬಿಡುತ್ತದೆ. ಒಂಬತ್ತನೆಯ ದಿನ ನಾನು ಗುಂಡಿ ಒತ್ತಲು ಕೂತೆ. ಇದು ಬಂದಾಗಿನಿಂದ ಮನೆಯಲ್ಲಿ ನೆಮ್ಮದಿ ಇಲ್ಲ ಎಂದು ಗೊಣಗಿದೆ.

ಹಿಂದಿನಿಂದ ಹೆಂಡತಿಯ ದನಿ. "ಅಲ್ಲರೀ, ನಾ ಈ ಮನಿಗೆ ಬಂದ ವಾರಾನ ಮಾವನವರ ರೇಡಿಯೋ ಬಂದ್ ಬಿದ್ದಿತ್ತು. ಆಗ ಎಲ್ಲಾರೂ ಏನಂದ್ರಿ, ನೆನಪ ಅದ ಏನು?"

ನೆನಪಿತ್ತು. ಧಾರವಾಡ ಆಕಾಶವಾಣಿಯ ವಾರ್ತೆ ಕೇಳದೆ ಅಪ್ಪ ಊಟಕ್ಕೆ ಏಳುತ್ತಿರಲಿಲ್ಲ. ಸೊಸೆ ಬಂದಳು, ರೇಡಿಯೋ ಮಾತು ನಿಲ್ಲಿಸಿತು. ಅಮ್ಮ ಬಾಯಿಬಿಟ್ಟು ಅನ್ನಲಿಲ್ಲ, ಬರೀ ನಿಟ್ಟುಸಿರು ಬಿಟ್ಟಳು. ರಿಪೇರಿಯವನು ಬಿಚ್ಚಿ ನೋಡಿದರೆ ಒಳಗೆ ಒಂದು ಬೆಸುಗೆ ಎಂದೋ ಬಿಟ್ಟಿತ್ತು. ಎಷ್ಟೋ ತಿಂಗಳಿಂದ ಅಪ್ಪ ಅದರ ತಲೆಗೆ ಒಂದು ಪೆಟ್ಟು ಕೊಟ್ಟೇ ವಾರ್ತೆ ಕೇಳುತ್ತಿದ್ದರು. ಅದು ಯಾರ ಲೆಕ್ಕಕ್ಕೂ ಬಂದಿರಲಿಲ್ಲ.

ಆಗ ನನಗೂ ಹೊಳೆಯಿತು. ಹಳೆಯ ಸಿಸ್ಟಂ ಇದ್ದಾಗಲೂ ಕಂಪ್ಯೂಟರ್ ತಿಂಗಳಿಗೆರಡು ಸಲ ನಿಂತುಬಿಡುತ್ತಿತ್ತು. ಗುಂಡಿ ಒತ್ತಿ ಮತ್ತೆ ಚಾಲೂ ಮಾಡುತ್ತಿದ್ದೆ. ಪೆಟ್ಟು ಕೊಟ್ಟ ಹಾಗೇ, ಅಲ್ವಾ? ಗುಂಡಿ ಒತ್ತದೆ ಎದ್ದೆ.

ರಿಪೇರಿ ಹುಡುಗ ಹುಬ್ಬಳ್ಳಿಯವನು. "ಸರ್ರ, ಫಾರ್ಮ್ಯಾಟ್ ಬ್ಯಾಡ. ಮೊದ್ಲ ಇದರ ಹೊಟ್ಟಿ ನೋಡೂಣು" ಎಂದ. ನೀಲಿ ಪರದೆಯ ಕೋಡ್ ಏನಿತ್ತು ಎಂದು ಕೇಳಿದ. ದಿನಕ್ಕೊಂದು ಬರುತ್ತದೆ ಎಂದೆ. "ಒಂದ ಕೋಡ್ ದಿನಾ ಬಂದ್ರ ಡ್ರೈವರ್, ಅಂದ್ರ ಒಂದೊಂದ ಭಾಗ ನಡಸೋ ಸಾಫ್ಟ್‌ವೇರ್ ಮ್ಯಾಲೆ ಸಂಶೆ. ದಿನಕ್ಕೊಂದ ನಮೂನಿ ಬಂದ್ರ ರ‍್ಯಾಮ್ ನೋಡಬೇಕ್ರಿ." ಮೆಮೊರಿ ಟೆಸ್ಟ್ ಹಚ್ಚಿದ. ಅರ್ಧ ತಾಸಿನಲ್ಲಿ ಪರದೆ ತುಂಬ ಕೆಂಪು ಸಾಲು. "ಮನ್ಯಾಗ ರಬ್ಬರ್ ಐತೇನ್ರೀ? ಪೆನ್ಸಿಲ್ ರಬ್ಬರ್?" ಮೊಮ್ಮಗಳ ಕಂಪಾಸ್ ಪೆಟ್ಟಿಗೆಯಿಂದ ಕೊಟ್ಟೆ. ರ‍್ಯಾಮ್ ಪಟ್ಟಿ ಕಿತ್ತು, ಅದರ ಬಂಗಾರದ ಬಣ್ಣದ ಹಲ್ಲುಗಳನ್ನು ಹಗುರವಾಗಿ ಉಜ್ಜಿ, ಧೂಳು ಊದಿ, ಒತ್ತಿ ಕೂರಿಸಿದ. ರಾತ್ರಿಯಿಡೀ ಟೆಸ್ಟ್ ಓಡಿತು, ಒಂದೂ ಕೆಂಪು ಸಾಲಿಲ್ಲ. ಹಳೆಯ ಸಿಸ್ಟಂ ಮಿತವಾಗಿ ಉಣ್ಣುತ್ತಿತ್ತು, ದೋಷ ಅಪರೂಪಕ್ಕೆ ತಗುಲುತ್ತಿತ್ತು. ಹೊಸದು ರ‍್ಯಾಮ್ ತುಂಬ ಹರಡಿಕೊಂಡು ಕೂತಿತು, ಹುಳುಕು ಬಯಲಾಯಿತು.

ನಿಧಾನದ್ದು ಬೇರೆ ಲೆಕ್ಕ. ಪಂಚಮಿ ಉಂಡಿ ಕಟ್ಟುವಾಗ ಅಡಿಗೆ ಕಟ್ಟೆ ಸಾಲದೆ ಬುಟ್ಟಿಯನ್ನು ಅಟ್ಟಕ್ಕೆ ಏರಿಸಿ, ಬೇಕಾದಾಗ ಇಳಿಸಿದರೆ ಹೇಗೆ? ರ‍್ಯಾಮ್ ತುಂಬಿದಾಗ ಆಗುವುದು ಅದೇ. ಹಿಟ್ಟು ಡಿಸ್ಕಿಗೆ ಏರುತ್ತದೆ, ಬೆಲ್ಲ ಇಳಿಯುತ್ತದೆ. ನಮ್ಮ ಹಾರ್ಡ್ ಡಿಸ್ಕಿನ ತಟ್ಟೆ ನಿಮಿಷಕ್ಕೆ 5400 ಸುತ್ತು, ಅಂದರೆ ಸೆಕೆಂಡಿಗೆ 90. ಕೇಳಲು ಭಾರಿ ವೇಗ. ಆದರೆ ಅಲ್ಲೊಂದು ಇಲ್ಲೊಂದು ಬಿದ್ದ ಚೂರು ಓದಲು ಮುಳ್ಳು ಓಡಾಡಬೇಕು, ತಟ್ಟೆ ತಿರುಗಿ ಬರುವವರೆಗೆ ಕಾಯಬೇಕು. ಹಾಗೆ ಚದುರಿದ ಕೆಲಸ ಸೆಕೆಂಡಿಗೆ ನೂರರ ಹತ್ತಿರ ಆದರೆ ಹೆಚ್ಚು. ಹಾರ್ಡ್ ಡಿಸ್ಕಿನ ಬದಲಿಗೆ ಹಾಕುವ ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೂ ಇಲ್ಲ, ಮುಳ್ಳೂ ಇಲ್ಲ, ಅದೇ ಕೆಲಸ ಸಾವಿರಗಟ್ಟಲೆ ಆಗುತ್ತದೆ. ಚಿಗರಿ ಬಸ್ ಹತ್ತಿ ಹುಬ್ಬಳ್ಳಿಗೆ ಹೋಗಿ ಒಂದು ಎಸ್‌ಎಸ್‌ಡಿ, ಇನ್ನೊಂದು 4 ಜಿಬಿ ರ‍್ಯಾಮ್ ತಂದೆ. ಹುಡುಗ ಇದ್ದದ್ದನ್ನೆಲ್ಲ ಹೊಸದಕ್ಕೆ ನಕಲು ಮಾಡಿ ಕೂರಿಸಿದ. ಈಗ ಚಹಾಕ್ಕೆ ನೀರಿಡಲು ಎದ್ದರೆ, ಗ್ಯಾಸ್ ಹಚ್ಚುವ ಮೊದಲೇ ಪರದೆ ಸಿದ್ಧ.

ಹೊಸದರ ತಪ್ಪು ಏನೂ ಇರಲಿಲ್ಲ ಎಂದಲ್ಲ. ನಮ್ಮ ಹಳೆಯ ಪ್ರಿಂಟರಿಗೂ ಅದಕ್ಕೂ ಇನ್ನೂ ಮಾತಿಲ್ಲ. ಹಳೆಯ ಡ್ರೈವರ್ ತೆಗೆದು ಹೊಸದು ಹಾಕಿದರೂ ಎರಡನೆಯ ಪುಟಕ್ಕೆ ಮುನಿಸು. ಹೆಂಡತಿ ಇದರಲ್ಲೂ ಹೊಸದರ ಪರ.

ಬಿಚ್ಚಿದ ಹಾರ್ಡ್ ಡಿಸ್ಕನ್ನು ಎಸೆಯಲು ಮನಸ್ಸಾಗಲಿಲ್ಲ. ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಇಡಲು ಹತ್ತಿದೆ. ಅಪ್ಪನ ರೇಡಿಯೋ ಪಕ್ಕ ಜಾಗ ಇತ್ತು. ಕೆಳಗೆ ಸ್ಟೂಲ್ ಹಿಡಿದು ನಿಂತಿದ್ದವಳು, "ಅದಕ್ಕೂ ಒಂದ್ ಪೆಟ್ಟು ಕೊಟ್ಟು ನೋಡ್ರಿ" ಅಂದಳು.

ಕೊಟ್ಟೆ. ಧೂಳು ಎದ್ದಿತು.