ಎಚ್ಎಂ ಸರ್‌ನ ‘ಹೀ’ ಅನ್ನಲ್ಲ ಮಿಸ್

ನಾಲ್ಕನೇ ತರಗತಿ. ಊಟದ ಗಂಟೆಗೆ ಇನ್ನೂ ಹದಿನೈದು ನಿಮಿಷ ಇತ್ತು. ನಮ್ಮ ಹೆಡ್‌ಮಾಸ್ಟರ್ ವರಾಂಡದಲ್ಲಿ ಫೋನ್ ಹಿಡಿದು ಅತ್ತಿಂದಿತ್ತ ಓಡಾಡುತ್ತಿದ್ದರು. ಪಾಠಕ್ಕೆ ಒಳ್ಳೆ ಉದಾಹರಣೆ ಸಿಕ್ಕಿತು ಅಂದುಕೊಂಡು, ಕಿಟಕಿ ಕಡೆ ಕೈ ತೋರಿಸಿ “ಹೂ ಈಸ್ ಹೀ?” ಎಂದು ಕೇಳಿದೆ. ಎರಡನೇ ಬೆಂಚಿನ ಹುಡುಗ ಎದ್ದು ನಿಂತು ಗಟ್ಟಿಯಾಗಿ ಹೇಳಿದ: “ದೇ ಈಸ್ ಅವರ್ ಎಚ್ಎಂ.”

“ದೇ ಅಲ್ಲಪ್ಪ, ಹೀ. ಒಬ್ಬರೇ ತಾನೇ ಅಲ್ಲಿರೋದು?”

“ಒಬ್ಬರೇ ಮಿಸ್. ಆದ್ರೆ ಹೀ ಅಂದ್ರೆ ಅವನು ಅಂತ ನೀವೇ ಬರೆಸಿದ್ದೀರಲ್ಲ. ನಮ್ಮಪ್ಪನ್ನ ಬೇಕಾದ್ರೆ ಹೀ ಅಂತೀನಿ. ಎಚ್ಎಂ ಸರ್‌ನ ಅನ್ನಲ್ಲ.”

ಅವನ ಮನೆಯಲ್ಲಿ ಅಪ್ಪ “ಬಂದ”, “ಹೋದ”. ಹೆಡ್‌ಮಾಸ್ಟರ್ ಮಾತ್ರ “ಬಂದರು”, “ಹೋದರು”. ಲೆಕ್ಕ ಸರಿಯಾಗಿಯೇ ಇದೆ. ನಾನೂ “ಒಬ್ಬನೇ ತಾನೇ” ಅನ್ನಲಿಲ್ಲ, “ಒಬ್ಬರೇ” ಅಂದೆ, ಗಮನಿಸಿದಿರಾ? ತಪ್ಪು ನನ್ನದು. ‘ಹೀ ಅಂದರೆ ಅವನು’ ಎಂದು ನೋಟ್‌ಬುಕ್ಕಿನಲ್ಲಿ ಬರೆಸಿದ್ದು ನಾನೇ. ನನಗೂ ನಮ್ಮ ಮೇಷ್ಟ್ರು ಹಾಗೆಯೇ ಬರೆಸಿದ್ದರು.

ಕೋಲಾರದ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ಸುಮಾರು ವರ್ಷದಿಂದ ಇಂಗ್ಲಿಷ್ ಕಲಿಸುತ್ತಿದ್ದೇನೆ. 2007-08ರಲ್ಲಿ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೂ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಬಂತು. ಅಲ್ಲಿಯವರೆಗೆ ಐದನೇ ತರಗತಿಗೆ ಕಾಯಬೇಕಿತ್ತು. ಚಿಕ್ಕ ಮಕ್ಕಳಿಗೆ ಕಲಿಸುವುದು ಅಂದಮೇಲೆ ಹಾಡು, ಆಟ, ಚಿತ್ರ ಎಲ್ಲ ಬಂದವು. ಆದರೆ ಸರ್ವನಾಮದ ಪಾಠ ಬಂತೋ, ನಾವು ಮತ್ತೆ ಬೋರ್ಡಿನ ಕಡೆ ತಿರುಗುತ್ತೇವೆ. ಐ, ವಿ, ಯು, ಹೀ, ಶೀ, ಇಟ್, ದೇ. ಮಕ್ಕಳು ಮಗ್ಗಿಯ ರಾಗದಲ್ಲಿ ಹೇಳುತ್ತಾರೆ. ಎದುರಿಗೆ ಒಂದೊಂದು ಕನ್ನಡ ಪದ. ಪಾಠ ಮುಗಿಯಿತು.

ಮುಗಿಯುವುದೆಲ್ಲಿ? ತೊಂದರೆ ಶುರುವಾಗುವುದೇ ಆಮೇಲೆ.

ಒಂದನೇ ತರಗತಿಗೆ ಪಾಠ ಮಾಡಿದವರಿಗೆಲ್ಲ ಇದು ಗೊತ್ತು. “ವಾಟ್ ಈಸ್ ಯುವರ್ ನೇಮ್?” ಅಂದರೆ ಮಗು ಎದೆ ಮುಟ್ಟಿಕೊಂಡು “ಯುವರ್ ನೇಮ್ ಈಸ್” ಅಂತ ತನ್ನ ಹೆಸರು ಹೇಳುತ್ತದೆ. ನಾನು ಅದನ್ನು ತೋರಿಸಿ ‘ಯು’ ಅಂದೆನಲ್ಲ, ಹಾಗಾಗಿ ಅದು ತನ್ನದೇ ಹೆಸರು ಅಂದುಕೊಳ್ಳುತ್ತದೆ. ಪೆನ್ಸಿಲ್ ಯಾರ ಕೈಯಲ್ಲಿದ್ದರೂ ಪೆನ್ಸಿಲ್ಲೇ. ‘ಐ’ ಹಾಗಲ್ಲ, ಮಾತಾಡುವವರು ಬದಲಾದರೆ ಅದೂ ಜಾಗ ಬದಲಿಸುತ್ತದೆ. ಇದಕ್ಕೆ ಬೋರ್ಡು ಪ್ರಯೋಜನವಿಲ್ಲ. ಮಕ್ಕಳನ್ನು ದುಂಡಗೆ ಕೂರಿಸಿ, ಕೈಗೊಂದು ಚೆಂಡು ಕೊಟ್ಟು, ಚೆಂಡು ಇರುವವರು ‘ಐ’, ಎಸೆಸಿಕೊಳ್ಳುವವರು ‘ಯು’ ಅಂತ ಆಡಿಸುತ್ತೇನೆ. ಎರಡೇ ದಿನ ಸಾಕು.

ನಾಲ್ಕು, ಐದನೇ ತರಗತಿಯ ತಪ್ಪುಗಳು ಬೇರೆ ಜಾತಿಯವು. ಅವು ಕನ್ನಡ ಚೆನ್ನಾಗಿ ಗೊತ್ತಿರುವುದರಿಂದ ಬರುವ ತಪ್ಪುಗಳು. “ಮಿಸ್, ಮೀ ಹಂಗ್ರಿ.” “ಮಿಸ್, ಮೀ ಫೀವರ್.” “ಮೀ ಡೋಂಟ್ ನೋ.” ಮೂರನ್ನೂ ಕನ್ನಡದಲ್ಲಿ ಹೇಳಿ ನೋಡಿ. ನನಗೆ ಹಸಿವಾಗಿದೆ, ನನಗೆ ಜ್ವರ, ನನಗೆ ಗೊತ್ತಿಲ್ಲ. ಕನ್ನಡದಲ್ಲಿ ಹಸಿವು, ಜ್ವರ, ಸಿಟ್ಟು, ನೆನಪು ಎಲ್ಲ ನಮ್ಮ ಹತ್ತಿರ ಬರುತ್ತವೆ. ನಾವು ಸುಮ್ನೆ ಇರುತ್ತೇವೆ. ಇಂಗ್ಲಿಷಿನವರು ಹಸಿವನ್ನೂ ತಾವೇ ಮಾಡುವ ಕೆಲಸದ ಹಾಗೆ ‘ಐ’ ಹಚ್ಚಿ ಹೇಳುತ್ತಾರೆ. ‘ನನಗೆ’ ಅಂದರೆ ‘ಮೀ’ ಎಂದು ನಾವೇ ಬರೆಸಿರುವಾಗ ಮಗು ಇನ್ನೇನು ಹೇಳಬೇಕಿತ್ತು? ಈಗ ನಾನು ಬೋರ್ಡಿನಲ್ಲಿ ‘ನನಗೆ’ ಎಂದು ಬರೆದು, ನಿಮಗೆ ಏನೇನು ಆಗುತ್ತದೆ ಹೇಳಿ ಎನ್ನುತ್ತೇನೆ. ಬಾಯಾರಿಕೆ, ನಿದ್ದೆ, ಭಯ, ಖುಷಿ, ಮೈಸೂರುಪಾಕು ಇಷ್ಟ. ಬೋರ್ಡು ತುಂಬುತ್ತದೆ. ಆಮೇಲೆ ಒಂದೇ ಮಾತು: ಇವಕ್ಕೆಲ್ಲ ಅಲ್ಲಿ ‘ಐ’.

ಇನ್ನೊಂದು, ನನಗೆ ಬಹಳ ಇಷ್ಟವಾದ ತಪ್ಪು. ಮನೆಗೆ ಒಬ್ಬಳೇ ಮಗಳು. “ಅವರ್ ಮದರ್ ಈಸ್ ಕುಕ್ಕಿಂಗ್” ಎಂದು ಬರೆಯುತ್ತಾಳೆ. ಎಷ್ಟು ಜನ ಮಕ್ಕಳೇ ನೀವು ಅಂದರೆ ಪೆಚ್ಚಾಗಿ ನೋಡುತ್ತಾಳೆ. ನಮ್ಮಮ್ಮ, ನಮ್ಮನೆ, ನಮ್ಮೂರು ಅನ್ನುವ ಬಾಯಿಗೆ ‘ಮೈ ಮದರ್’ ಅಷ್ಟು ಸುಲಭಕ್ಕೆ ಬರುವುದಿಲ್ಲ. ‘ನನ್ನ ಅಮ್ಮ’ ಅಂದರೆ ಯಾರೋ ಕಿತ್ತುಕೊಳ್ಳಲು ಬಂದಿದ್ದಾರೇನೋ ಅನ್ನಿಸುತ್ತದೆ, ಅಲ್ವಾ? ಮಕ್ಕಳನ್ನೇಕೆ ಅನ್ನಲಿ. ಒಂದು ತರಬೇತಿಯಲ್ಲಿ ಪರಿಚಯ ಮಾಡಿಕೊಳ್ಳುವಾಗ ನಾನೇ “ಅವರ್ ಹಸ್ಬೆಂಡ್ ಈಸ್ ವರ್ಕಿಂಗ್ ಇನ್ ಬೆಂಗಳೂರು” ಎಂದುಬಿಟ್ಟೆ. ನಲವತ್ತು ಜನ ಮೇಷ್ಟ್ರು, ಟೀಚರ್‌ಗಳು ಬಿದ್ದು ಬಿದ್ದು ನಕ್ಕರು. ನಮ್ಮ ಯಜಮಾನರಿಗೆ ಹೇಳಿದರೆ ಅವರೂ ನಕ್ಕರು.

ಅದೇ ತರಬೇತಿಯಲ್ಲಿ ಬಂದಿದ್ದ ಒಬ್ಬರು ಇಂಗ್ಲಿಷ್ ಪೀರಿಯಡ್‌ನಲ್ಲಿ ಒಂದು ಕನ್ನಡ ಪದವೂ ಬೇಡ ಎಂದು ಕಟ್ಟುನಿಟ್ಟಾಗಿ ಹೇಳಿದರು. ಆಮೇಲೆ ಶಾಲೆಗೆ ಬಂದ ಅಧಿಕಾರಿಯೊಬ್ಬರು ಬೋರ್ಡಿನ ಮೇಲಿನ ‘ನನಗೆ’ ನೋಡಿ, ಇದು ಯಾವ ಪೀರಿಯಡ್ ಮೇಡಂ ಎಂದರು. ನಾನು ವಾದ ಮಾಡಲಿಲ್ಲ. ಅಲ್ಲಿ ಹೇಳಲಾರದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇಂಗ್ಲಿಷನ್ನು ಕಿವಿ ತುಂಬ ಕೇಳಿಸಬೇಕು, ಒಪ್ಪುತ್ತೇನೆ. ಆದರೆ ಸರ್ವನಾಮದ ವಿಷಯದಲ್ಲಿ ಕನ್ನಡ ತರಗತಿಯಿಂದ ಹೊರಗೆ ಹೋಗುವುದೇ ಇಲ್ಲ. ಬಾಯಲ್ಲಿ ಇರದಿದ್ದರೆ ತಲೆಯಲ್ಲಿ ಕೂತಿರುತ್ತದೆ. ಅದನ್ನು ಎದುರಿಗೆ ಕರೆದು ಮಾತಾಡಿಸುವುದೇ ವಾಸಿ. ಅಂದಹಾಗೆ, ಒಂದೊಂದು ಪದಕ್ಕೆ ಒಂದೊಂದು ಅರ್ಥ ಬರೆಸುವುದನ್ನು ನಾನು ಕನ್ನಡ ಬಳಸುವುದು ಅಂತ ಕರೆಯುವುದಿಲ್ಲ. ಅದು ಎರಡೂ ಭಾಷೆಗೆ ಮಾಡುವ ಮೋಸ.

ಇಲ್ಲಿ ಕನ್ನಡ ಅಂದರೂ ಪೂರ್ತಿ ಸರಿಯಲ್ಲ. ನನ್ನ ತರಗತಿಯಲ್ಲಿ ಅರ್ಧಕ್ಕರ್ಧ ಮಕ್ಕಳ ಮನೆಮಾತು ತೆಲುಗು. ಅಕ್ಕನೂ ‘ವಚ್ಚಿಂದಿ’, ಬಸ್ಸೂ ‘ವಚ್ಚಿಂದಿ’. ಅಣ್ಣ ಮಾತ್ರ ‘ವಚ್ಚಾಡು’. ಆ ಮಕ್ಕಳು ಶೀ, ಇಟ್ ಎರಡನ್ನೂ ಕಲಸಿದರೆ ಆಶ್ಚರ್ಯವೇನು? ಉರ್ದು ಮನೆಮಾತಿನ ಒಬ್ಬ ಹುಡುಗ “ಹೀ ಈಸ್ ಮೈ ಸಿಸ್ಟರ್” ಎನ್ನುತ್ತಾನೆ. ಅವನಿಗೆ ಅವನೂ ‘ವೋ’, ಅವಳೂ ‘ವೋ’. ನಾನು ಸಾಗರದ ಕಡೆಯ ಹವ್ಯಕರ ಮನೆಯವಳು. ನಮ್ಮಲ್ಲಿ ಅಕ್ಕ ‘ಬಂತು’, ಅತ್ತಿಗೆ ‘ಹೋತು’. ಯಾರಿಗೂ ಅವಮಾನ ಇಲ್ಲ. ಶಾಲೆಗೆ ಬಂದಮೇಲೆ ‘ಬಂದಳು’ ಕಲಿತೆ, ಆಮೇಲೆ ‘ಶೀ’. ಹಾಗಾಗಿ ಆ ತೆಲುಗು ಮಕ್ಕಳ ಕಷ್ಟ ನನಗೆ ಬೇಗ ಅರ್ಥವಾಗುತ್ತದೆ. ಒಮ್ಮೆ ಎಲ್ಲರ ಮನೆಯ ಮಾತನ್ನೂ ಬೋರ್ಡಿಗೆ ಹಾಕಿಸಿದೆ. ಹವ್ಯಕ ಸಾಲು ಓದಿ ಮಕ್ಕಳು ನಕ್ಕಿದ್ದು ಇನ್ನೂ ಕಿವಿಯಲ್ಲಿದೆ.

ಇಂಗ್ಲಿಷಿನಲ್ಲಿ ಐ, ಮೀ, ಮೈ ಅಂತ ಒಂದಕ್ಕೊಂದು ಸಂಬಂಧವೇ ಇಲ್ಲ ಎಂದು ದೂರುವವರಿದ್ದಾರೆ. ‘ನಾನು’ ಹೋಗಿ ‘ನನ್ನ’, ‘ನಾವು’ ಹೋಗಿ ‘ನಮ್ಮ’ ಆಗುವುದು ನಮಗೆ ಕಾಣುವುದಿಲ್ಲ, ಅಷ್ಟೇ. ದೀರ್ಘ ಹ್ರಸ್ವವಾಗುತ್ತದೆ, ‘ವ’ ಹೋಗಿ ‘ಮ’ ಬರುತ್ತದೆ. ಯಾವ ಮಗುವೂ ಇದನ್ನು ಬಾಯಿಪಾಠ ಮಾಡಿಲ್ಲ. ಹಾಗೆಯೇ ಪದ ಬಿಡುವುದು. ‘ಬಂದೆ’ ಅಂದರೆ ಅದರೊಳಗೇ ನಾನು ಇದ್ದೇನೆ. ಅದಕ್ಕೇ ಮಕ್ಕಳು “ವೆಂಟ್ ಟು ಸಂತೆ” ಎಂದು ಬರೆಯುತ್ತಾರೆ. ಇಂಗ್ಲಿಷಿನಲ್ಲಿ ‘ವೆಂಟ್’ ಎಲ್ಲರಿಗೂ ಒಂದೇ, ಆದ್ದರಿಂದ ಯಾರು ಅಂತ ಮೊದಲೇ ಹೇಳಿಬಿಡಬೇಕು. ಮಳೆಗೂ ಅವರಿಗೆ ಒಂದು ‘ಇಟ್’ ಬೇಕು. ಯಾವುದು ಮಿಸ್ ಆ ಇಟ್ ಎಂದು ಕೇಳಿದವಳಿಗೆ ನಾನು ಇವತ್ತಿಗೂ ಸರಿಯಾದ ಉತ್ತರ ಕೊಟ್ಟಿಲ್ಲ.

ಆದರೆ ಒಂದು ಪ್ರಶ್ನೆಗೆ ಉತ್ತರ ಸಿಕ್ಕಿದೆ. ಒಬ್ಬರೇ ಇದ್ದರೂ ‘ಯು ಆರ್’ ಯಾಕೆ? ‘ಯು ಈಸ್’ ಯಾಕಲ್ಲ? ಮಕ್ಕಳು ಪ್ರತಿ ವರ್ಷ ಕೇಳುತ್ತಾರೆ. ಈಗ ಕಥೆ ಹೇಳುತ್ತೇನೆ. ಹಿಂದೆ ಇಂಗ್ಲಿಷಿನಲ್ಲೂ ‘ನೀನು’ ಇತ್ತು, ಅದು ‘ದೌ’. ‘ಯು’ ಇದ್ದದ್ದು ಬಹಳ ಜನರಿಗೆ. ಆಮೇಲೆ ದೊಡ್ಡವರು ಒಬ್ಬರೇ ಇದ್ದರೂ ಗೌರವಕ್ಕೆ ‘ಯು’ ಅನ್ನತೊಡಗಿದರು, ನಾವು ‘ನೀವು’ ಅನ್ನುವ ಹಾಗೆ. ಬರಬರುತ್ತಾ ಎಲ್ಲರಿಗೂ ಅದೇ ಆಯಿತು. 17ನೇ ಶತಮಾನ ಮುಗಿಯುವ ಹೊತ್ತಿಗೆ ‘ದೌ’ ದಿನದ ಮಾತಿನಿಂದ ಬಹುಪಾಲು ಜಾರಿಹೋಯಿತು. ‘ಆರ್’ ಮಾತ್ರ ಹಳೇ ಬಹುವಚನದ ಗುರುತಾಗಿ ಉಳಿಯಿತು. “ಹಂಗಾದ್ರೆ ಅವರು ನಾಯಿಗೂ ನೀವು ಅಂತಾರಾ ಮಿಸ್?” ಹೌದು, ಅಂತಾರೆ. ಅವತ್ತು ಶಾಲೆಯ ಹತ್ತಿರ ಇರುವ ಕರಿ ನಾಯಿಗೆ ಸಿಕ್ಕಿದ ಮರ್ಯಾದೆ ಅಷ್ಟಿಷ್ಟಲ್ಲ.

‘ದೇ’ ಕಥೆ ಇನ್ನೂ ಮಜಾ. ಅದು ಇಂಗ್ಲಿಷಿನ ಸ್ವಂತ ಪದವೇ ಅಲ್ಲ. ಸಾವಿರ ವರ್ಷದ ಹಿಂದೆ ಇಂಗ್ಲೆಂಡಿಗೆ ಬಂದು ನೆಲೆಸಿದ ಸ್ಕ್ಯಾಂಡಿನೇವಿಯಾದವರ ಮಾತಿನಿಂದ ಬಂದದ್ದು. ಗಂಡೋ ಹೆಣ್ಣೋ ಗೊತ್ತಿಲ್ಲದಾಗ, ಹೇಳುವುದು ಬೇಡ ಅನ್ನಿಸಿದಾಗ, ಒಬ್ಬರಿಗೂ ‘ದೇ’ ಅನ್ನುವುದು ಅಲ್ಲಿ ಹಳೇ ರೂಢಿ. 2019ರಲ್ಲಿ ಅಮೆರಿಕದ ಮೆರಿಯಂ-ವೆಬ್‌ಸ್ಟರ್ ನಿಘಂಟಿನವರು ಅದನ್ನೇ ವರ್ಷದ ಪದ ಎಂದು ಆರಿಸಿದರು. ಕಾರಣ ಬೇರೆ, ನಮ್ಮ ಹುಡುಗನದು ಗೌರವ. ಆದರೂ ಓದಿದಾಗ ಅವನ ನೆನಪಾಗಿ ನಗು ಬಂತು.

ಅವನಿಗೆ ಏನು ಹೇಳಿದೆ ಅಂತೀರಾ? ಇಂಗ್ಲಿಷಿನಲ್ಲಿ ಮರ್ಯಾದೆ ‘ಹೀ’ ಪದದಲ್ಲಿ ಇರುವುದಿಲ್ಲ, ‘ಸರ್’, ‘ಪ್ಲೀಸ್’ ಎಂಬ ಮಾತಿನಲ್ಲಿ, ದನಿಯಲ್ಲಿ ಇರುತ್ತದೆ. ಅಲ್ಲಿನ ರಾಜನೂ ‘ಹೀ’ನೇ ಎಂದೆ. ತಲೆ ಆಡಿಸಿದ. ಒಪ್ಪಿದ ಅಂದುಕೊಂಡೆ.

ಹೋದ ವಾರ ಕಿರುಪರೀಕ್ಷೆ. ನಮ್ಮ ಎಚ್ಎಂ ಬಗ್ಗೆ ಮೂರು ವಾಕ್ಯ, ಸರ್ವನಾಮ ಬಳಸಿ. ಅವನ ಹಾಳೆಯಲ್ಲಿ ಹೀಗಿತ್ತು: “ಸರ್ ಈಸ್ ಟಾಲ್. ಸರ್ ಹ್ಯಾಸ್ ಎ ಬೈಕ್. ಸರ್ ಬೈಕ್ ಈಸ್ ರೆಡ್.” ಒಂದೇ ಒಂದು ‘ಹೀ’ ಇಲ್ಲ, ‘ಹಿಸ್’ ಇಲ್ಲ. ಐದಕ್ಕೆ ಮೂರು ಕೊಟ್ಟೆ. ಜಾಸ್ತಿ ಆಯಿತು ಅನ್ನುವವರು ಹೇಳಿ.